ನೀರಿನ ಬಳಿ ಹೇಳುವ ಹೆಸರು

ಎಲ್ಲರ್ಸ್‌ಹೈನ್ ಎಂಬ ಜರ್ಮನ್ ಊರಿನಲ್ಲಿ ಒಂದು ಕಾಲಕ್ಕೆ ಬೀದಿಯ ನಡುವೆ ನಿಂತು "ವೀಗಾಂಡ್" ಎಂದು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತಿತ್ತಂತೆ. ಗಿರಣಿ ವೀಗಾಂಡ್, ಕುಲುಮೆ ವೀಗಾಂಡ್, ಹೊಳೆಯಾಚೆಯ ವೀಗಾಂಡ್ ಎಂದು ಕಸುಬನ್ನೋ ನೆಲೆಯನ್ನೋ ಮುಂದೆ ಹಚ್ಚದಿದ್ದರೆ ಕರೆದದ್ದು ಯಾರನ್ನೆಂದು ತಿಳಿಯುತ್ತಿರಲಿಲ್ಲ. ಆ ಸಾಲಿನಲ್ಲಿ ಈಗ ಉಳಿದವನು ಟಪಾಲು ವೀಗಾಂಡ್ ಒಬ್ಬನೇ. ಟಪಾಲಿನ ಚೀಲವನ್ನು ಕೆಳಗಿಳಿಸಿ ವರ್ಷಗಳಾಗಿದ್ದವು. ಬೇರೊಬ್ಬ ವೀಗಾಂಡ್ ಇಲ್ಲದ ಮೇಲೆ ಆ ಗುರುತಿನ ಅಗತ್ಯವೂ ಇರಲಿಲ್ಲ. ಆದರೂ ಊರು ಅವನನ್ನು ಹಾಗೆಯೇ ಕರೆಯುತ್ತಿತ್ತು. ಹಾಗೆ ಕರೆದಾಗಲೆಲ್ಲ, ಎಲ್ಲೋ ಇನ್ನೂ ಬೇರೆಯವರು ಇದ್ದಾರೆಂಬ ಸುಳ್ಳು ಸಮಾಧಾನವೊಂದು ಅವನ ಮನಸ್ಸಿನಲ್ಲಿ ಕ್ಷಣಕಾಲ ಕುಳಿತು ಎದ್ದುಹೋಗುತ್ತಿತ್ತು.

ಆ ಊರಿನಲ್ಲಿ ಹೆಸರು ತಂದೆಯಿಂದ ಮಗನಿಗೆ ಇಳಿಯುವುದಲ್ಲ. ಗಂಡುಮಗುವಾದರೆ, ದೀಕ್ಷಾಸ್ನಾನದಲ್ಲಿ ಮಗುವನ್ನು ಎತ್ತಿ ಹಿಡಿದು ಅದರ ಹೊಣೆ ಹೊರುವ ಜ್ಞಾನತಂದೆಯ ಹೆಸರು, ಹೆಣ್ಣುಮಗುವಾದರೆ ಜ್ಞಾನತಾಯಿಯ ಹೆಸರು. ಜ್ಞಾನತಂದೆಯನ್ನು ಅಲ್ಲಿಯವರು ಪೆಟ್ಟರ್ ಎನ್ನುತ್ತಾರೆ, ಜ್ಞಾನತಾಯಿಯನ್ನು ಗೋತ್. ಹೀಗಾಗಿ ಹೆಸರೆಂಬುದು ಒಂದೇ ಸೂರಿನಡಿ ಬೀಡುಬಿಡದೆ, ನೆರೆಮನೆಯಿಂದ ಎರವಲು ತಂದ ಏಣಿಯ ಹಾಗೆ ಮನೆಯಿಂದ ಮನೆಗೆ ಸಾಗುತ್ತಿತ್ತು. ಇದಕ್ಕೆ ಕಟ್ಟಳೆಗಳಿದ್ದವು. ಪೆಟ್ಟರ್ ಆಗಬೇಕೆಂದು ಮಗುವಿನ ಮನೆಯವರೇ ಬಂದು ಕೇಳಬೇಕು. ತಾನಾಗಿ ಮುಂದೆ ಬರುವುದು ನಾಚಿಕೆಗೇಡು. ಕೇಳಿದ ಮೇಲೆ ಒಲ್ಲೆನೆನ್ನುವುದು ಅದಕ್ಕಿಂತ ದೊಡ್ಡ ನಾಚಿಕೆಗೇಡು. ದೀಕ್ಷಾಸ್ನಾನದ ದಿನ ನೀರಿನ ಕಲ್ಲುಬಟ್ಟಲಿನ ಮುಂದೆ ನಿಂತು ಪಾದ್ರಿ ಹೆಸರೇನೆಂದು ಕೇಳಿದಾಗ ಉತ್ತರ ಕೊಡುವವನು ತಂದೆಯಲ್ಲ, ಪೆಟ್ಟರ್. ಸರ್ಕಾರಿ ಕಚೇರಿಯಲ್ಲಿ ಏನೇ ಬರೆದಿರಲಿ, ನೀರಿನ ಬಳಿ ಹೇಳಿದ ಹೆಸರೇ ಊರಿನ ಬಾಯಲ್ಲಿ ನಿಲ್ಲುತ್ತಿತ್ತು. ಕೆಳಬೀದಿಯ ಗೇಲಾ ಮುದುಕಿ ಕಚೇರಿಯ ಪಾಲಿಗೆ ಎಲ್ಫ್ರೀಡೆ. ಆಕೆಗೆ ಬಂದ ಪಿಂಚಣಿಯ ಲಕೋಟೆಯನ್ನು ಹಿಡಿದುಕೊಂಡು, ಈ ಎಲ್ಫ್ರೀಡೆ ಯಾರೆಂದು ಕೇಳುತ್ತ ಊರೆಲ್ಲ ಅಲೆದವನು ಆಗಷ್ಟೇ ಕೆಲಸಕ್ಕೆ ಸೇರಿದ್ದ ವೀಗಾಂಡನೇ. ಕೊನೆಗೆ ಲಕೋಟೆ ತೆಗೆದುಕೊಂಡ ಗೇಲಾಳಿಗೂ ತನ್ನ ಆ ಹೆಸರು ನೆನಪಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು.

ವೀಗಾಂಡ್ ಎಂದರೆ ಕಾದಾಡುವವನು ಎಂದರ್ಥ. ಈಗಿನವರಿಗೆ ಅರ್ಥವಾಗದ ಹಳೆಯ ಜರ್ಮನ್ ಮಾತು ಅದು. ಅವನು ಹದಿಹರೆಯದಲ್ಲಿ ಧರ್ಮಪಾಠಕ್ಕೆ ಹೋಗುತ್ತಿದ್ದಾಗ ಅಂದಿನ ಪಾದ್ರಿ ಈ ಅರ್ಥವನ್ನು ಬಿಡಿಸಿ ಹೇಳಿದ ಗಳಿಗೆಯಲ್ಲಿ ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಹೆಬ್ಬಾತುಗಳಿಗೆ ಹೆದರಿ ಗಿರಣಿಯ ದಾರಿಯನ್ನು ಬಿಟ್ಟು ಸುತ್ತುಬಳಸಿ ಬರುತ್ತಿದ್ದ ಹುಡುಗ ಅವನು. ಆದರೆ ಪಾದ್ರಿ ನಗದೆ ಅವರನ್ನೆಲ್ಲ ಎಬ್ಬಿಸಿಕೊಂಡು ಹೋಗಿ ಚರ್ಚಿನ ಗೋಡೆಗೆ ಒರಗಿಸಿದ್ದ ಗೋರಿಗಲ್ಲನ್ನು ತೋರಿಸಿದರು. ಕವಚ ತೊಟ್ಟ ಒಬ್ಬ ವೀಗಾಂಡ್ ಅಲ್ಲಿ ಕೈಮುಗಿದು ನಿಂತಿದ್ದ. ಅವನ ಕಾಲ ಕೆಳಗಿನ ಸಿಂಹ, ಕಲ್ಲು ಚರ್ಚಿನ ನೆಲದಲ್ಲಿದ್ದ ಕಾಲದಲ್ಲಿ ಎಷ್ಟೋ ತಲೆಮಾರುಗಳ ತುಳಿತಕ್ಕೆ ಸವೆದು, ಮಲಗಿದ ಮನೆನಾಯಿಯಂತೆ ಕಾಣುತ್ತಿತ್ತು. ಮೊದಲು ಸರದಾರರ ಹೆಸರು, ಆಮೇಲೆ ಅವರ ಗೇಣಿದಾರರ ಹೆಸರು, ಆಮೇಲೆ ಬಡಗಿ ಕಮ್ಮಾರರ ಹೆಸರು, ಹೀಗೆ ಒಳ್ಳೆಯ ಹೆಸರು ಮೇಲಿನಿಂದ ಕೆಳಗೆ ಹರಿದು ಬರುತ್ತದೆ ಎಂದಿದ್ದರು ಪಾದ್ರಿ. ಬೈಬಲ್ಲಿನ ಯೋಹಾನರು ಯಾಕೋಬರು ಬಂದು ಊರು ತುಂಬಿದಾಗಲೂ ಲಾನ್ ಹೊಳೆಯ ಈ ಮಗ್ಗುಲಲ್ಲಿ ವೀಗಾಂಡರು ಜಾಗ ಬಿಟ್ಟುಕೊಡಲಿಲ್ಲವಂತೆ.

ಟಪಾಲು ವೀಗಾಂಡನಿಗೆ ಆ ಹೆಸರು ಬಂದದ್ದು ಗಾಲಿ ವೀಗಾಂಡನಿಂದ, ಬಂಡಿಯ ಚಕ್ರ ಮಾಡುತ್ತಿದ್ದ ಆ ಒರಟು ಮುದುಕನಿಂದ. ಅದೊಂದು ಜಗಳದ ಕಥೆ. ಇವನು ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ. ಆ ವರ್ಷ ದೇಶದ ಎಷ್ಟೋ ತೊಟ್ಟಿಲುಗಳಲ್ಲಿ ಒಂದೇ ಹೆಸರು ಮಲಗುತ್ತಿತ್ತು. ಆ ಹೆಸರಿನ ಸರ್ವಾಧಿಕಾರಿಯ ಪಟ ಶಾಲೆಯ ಗೋಡೆಯ ಮೇಲೂ ನೇತಾಡುತ್ತಿತ್ತು. ಇವನ ತಂದೆ ಯುಸ್ಟುಸ್ ತನ್ನ ಮಗನಿಗೂ ಅದೇ ಆಗಲೆಂದು ಗಾಲಿ ವೀಗಾಂಡನಿಗೆ ಸ್ಪಷ್ಟವಾಗಿ ಹೇಳಿ ಕಳುಹಿಸಿದ್ದ. ಆಗಿನ ರೂಢಿಯಂತೆ ಬಾಣಂತಿ ಮಂಚದ ಮೇಲೆ, ತಂದೆ ಮನೆಯಲ್ಲಿ ಊಟದ ಮೇಜು ಹಾಕುತ್ತ. ಚರ್ಚಿಗೆ ಮಗುವನ್ನು ಒಯ್ದದ್ದು ಪೆಟ್ಟರ್. ಹಿಂದಿರುಗಿ ಬಂದು ಅವನು ಮಗುವನ್ನು ತಾಯಿಯ ಮಗ್ಗುಲಲ್ಲಿ ಮಲಗಿಸಿ, "ತಗೋಮ್ಮ, ನಿನ್ನ ವೀಗಾಂಡ್" ಎಂದನಂತೆ. ಯುಸ್ಟುಸ್ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ಹಿತ್ತಿಲಿಗೆ ಹೋದವನು, ಊಟ ಮುಗಿದು ನೆಂಟರು ಎದ್ದುಹೋಗುವವರೆಗೂ ಒಳಗೆ ಬರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಯುದ್ಧ ಸೋತ ವಸಂತದಲ್ಲಿ, ಅಮೆರಿಕದವರ ಟ್ಯಾಂಕುಗಳು ಕೆಳಗಿನ ಸೇತುವೆ ದಾಟಿದ ಮಾರನೆಯ ದಿನ, ಯುಸ್ಟುಸ್ ಅಟ್ಟದಲ್ಲಿ ಅಡಗಿಸಿಟ್ಟಿದ್ದ ಹೊಗೆಯಾಡಿಸಿದ ಹಂದಿಯ ತೊಡೆಯೊಂದನ್ನು ಹೊತ್ತುಕೊಂಡು ಹೋಗಿ ಮಾತಿಲ್ಲದೆ ಗಾಲಿ ವೀಗಾಂಡನ ಕೆಲಸದ ಹಲಗೆಯ ಮೇಲೆ ಇಟ್ಟ. ಜೊತೆಯಲ್ಲಿ ಹೋಗಿದ್ದ ಮಗನಿಗೆ ಆ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಮುದುಕ ಮಾಂಸವನ್ನು ನೋಡಿದ, ಯುಸ್ಟುಸನನ್ನು ನೋಡಿದ.

"ತೆಳ್ಳಗೆ ಹೆಚ್ಚಿಕೊಡು, ಯುಸ್ಟುಸ್. ನೀನು ಸಿಟ್ಟು ಮಾಡ್ಕೊಂಡು ಕೂತಿದ್ದ ಹೊತ್ತಲ್ಲಿ ನನ್ನ ಹಲ್ಲೆಲ್ಲ ಹೋಯ್ತು."

ಮುಂದೆ ಬೆಳೆದು ದೊಡ್ಡವನಾದ ಮೇಲೆ ಒಂದು ದಿನ ವೀಗಾಂಡ್ ಮುದುಕನನ್ನು ಕೇಳಿದ್ದ, ಆವತ್ತು ಹೆದರಿಕೆಯಾಗಲಿಲ್ಲವೇ ಎಂದು. ಮುದುಕ ಉಳಿ ಮಸೆಯುವುದನ್ನು ಬಿಡಲಿಲ್ಲ. "ನಿನ್ನನ್ನ ಉಳಿಸೋಕೆ ಹೇಳಿದ್ನೋ, ನನ್ನ ಹೆಸರು ಉಳೀಲಿ ಅಂತ ಹೇಳಿದ್ನೋ, ನಂಗೇ ಸರಿಯಾಗಿ ಗೊತ್ತಿಲ್ಲ ಕಣೋ" ಎಂದ. ಆ ಮಾತನ್ನು ವೀಗಾಂಡ್ ಯಾರಿಗೂ ಹೇಳಿರಲಿಲ್ಲ.

ನಲವತ್ತು ವರ್ಷ ಸೈಕಲ್ಲಿನ ಮೇಲೂ ಆಮೇಲೆ ಹಳದಿ ವ್ಯಾನಿನಲ್ಲೂ ಊರಿನ ಹೆಸರುಗಳನ್ನು ಹೊತ್ತು ತಿರುಗಿದವನು ಅವನು. ಹೋರ್ಸ್ಟ್, ಗ್ಯುಂಟರ್‌ಗಳು ಕಳೆದು ಥಾಮಸ್, ಆಂದ್ರೆಯಾಸ್‌ಗಳು ಬಂದರು; ಅವರ ಮಕ್ಕಳು ಕೆವಿನ್, ಜೆನ್ನಿಫರ್ ಆದರು. ಪೆಟ್ಟರ್ ಆಗಲು ಪಟ್ಟಣದಿಂದ ಭಾವಮೈದುನನೋ ಗೆಳೆಯನೋ ಕಾರಿನಲ್ಲಿ ಬಂದು ಹೋಗುತ್ತಿದ್ದರು. ಹೆಸರನ್ನು ಮಾತ್ರ ತಂದೆತಾಯಿಯೇ ಮೊದಲೇ ಗೊತ್ತು ಮಾಡಿರುತ್ತಿದ್ದರು. ಸೈಕಲ್ಲಿನ ದಿನಗಳಲ್ಲಿ ಒಂದು ಲಕೋಟೆಯ ಮೇಲೆ 'ವೀಗಾಂಡ್' ಎಂದಷ್ಟೇ ಇದ್ದರೆ ಯಾವ ಬಾಗಿಲಿಗೆಂದು ಅವನು ಯೋಚಿಸಬೇಕಾಗಿತ್ತು. ಕುಲುಮೆಯವನು ಹೋದ, ಹೊಳೆಯಾಚೆಯವನು ಹೋದ. ಕೊನೆಕೊನೆಗೆ ಅಂಥ ಲಕೋಟೆ ಬಂದರೆ ತನ್ನ ಜೇಬಿಗೇ ಹಾಕಿಕೊಳ್ಳುತ್ತಿದ್ದ.

ಅವನನ್ನೂ ಒಮ್ಮೆ ಕೇಳಿದ್ದರು. ಬಾಲ್ಯದ ಗೆಳೆಯ ಹೆನ್ನರ್, ಹೆಂಡತಿ ಬಸುರಿಯಾಗಿದ್ದಾಗ, ಹೊಸ ಟೋಪಿ ಹಾಕಿಕೊಂಡು ರೂಢಿಯಂತೆ ಬಂದು ಕೇಳಿದ್ದ. ವೀಗಾಂಡ್ ಮಾರ್ಬುರ್ಗಿಗೆ ಹೋಗಿ ಮಗುವಿಗೆ ಕೊಡಲು ಬೆಳ್ಳಿಯ ಚಮಚ ತಂದಿಟ್ಟುಕೊಂಡ, ಕೋಟು ಹೊಲಿಸಿಕೊಂಡ. ಹುಟ್ಟಿದ್ದು ಹೆಣ್ಣು. ಗೋತ್ ಆಗಲು ಒಪ್ಪಿದ್ದ ಹೆನ್ನರನ ಅತ್ತಿಗೆ ಡೊರೊಥಿಯಾ ಮಗುವನ್ನು ಎತ್ತಿಕೊಂಡು ಹೋಗಿ ತನ್ನ ಹೆಸರು ಕೊಟ್ಟು ಬಂದಳು. ವೀಗಾಂಡ್ ಅದೇ ಹೊಸ ಕೋಟಿನಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಹಾಡಿದ. ಹೆನ್ನರನಿಗೆ ಮುಂದೆ ಮಕ್ಕಳಾಗಲಿಲ್ಲ. ವೀಗಾಂಡ್ ಮದುವೆಯೇ ಆಗಲಿಲ್ಲ; ಗಂಡ ತೀರಿಹೋದ ಅಕ್ಕ ಹಿಲ್ಟ್ರೂಡಳೊಡನೆ ಮೇಲುಬೀದಿಯ ಮನೆಯಲ್ಲಿ ಇದ್ದುಬಿಟ್ಟ.

ಆ ಚಿಕ್ಕ ಡೊರೊಥಿಯಾಳ ಮಗಳೇ ಸಬೀನೆ. ಹೆನ್ನರ್ ತೀರಿಕೊಂಡ ಎರಡನೆಯ ವರ್ಷ, ಪ್ಲಮ್ ಹಣ್ಣು ಕೀಳುವ ದಿನಗಳಲ್ಲಿ, ಒಂದು ಭಾನುವಾರ ಮಧ್ಯಾಹ್ನ ಅವಳು ಎಳೆಗೂಸನ್ನು ಎದೆಗೆ ಕಟ್ಟಿಕೊಂಡು ಬಂದಳು. ಹಿಲ್ಟ್ರೂಡ್ ಕಾಫಿ ಇಟ್ಟು, ಪ್ಲಮ್ ಹಣ್ಣಿನ ಕೇಕನ್ನು ಕತ್ತರಿಸುತ್ತಿದ್ದಳು.

"ಬಾ ಮಗಳೇ, ಕೂತ್ಕೋ. ಏನು ಟೋಪಿ ಹಾಕ್ಕೊಂಡು ಬಂದಿದೀಯ, ಬಿಸಿಲಲ್ಲಿ?" ಎಂದಳು ಹಿಲ್ಟ್ರೂಡ್.

"ಅಜ್ಜನ ಟೋಪಿ, ಅಜ್ಜಿ. ಹೀಗೆ ಕೇಳೋಕೆ ಟೋಪಿ ಹಾಕ್ಕೊಂಡೇ ಹೋಗ್ಬೇಕು ಅಂತ ಅಮ್ಮ ಹೇಳಿದ್ಲು."

ಕೇಕಿನ ಮೇಲಿದ್ದ ಚಾಕು ಅಲ್ಲಿಯೇ ನಿಂತಿತು. ವೀಗಾಂಡ್ ಕಣಜವೊಂದನ್ನು ತಟ್ಟೆಯಿಂದ ಓಡಿಸುತ್ತಿದ್ದವನು ಕೈಯನ್ನು ನಿಧಾನವಾಗಿ ಮಡಿಲಿಗೆ ತಂದುಕೊಂಡ.

"ವೀಗಾಂಡ್ ತಾತ, ಇವನಿಗೆ ನೀವು ಪೆಟ್ಟರ್ ಆಗ್ಬೇಕು. ನಮ್ಮನೆ ಕಡೆಯಿಂದ ನಿಮಗೆ ಒಂದು ಗಂಡುಮಗು ಬರ್ಬೇಕಿತ್ತು ಅಂತ ಅಜ್ಜ ಸಾಯೋವರೆಗೂ ಹೇಳ್ತಾನೇ ಇದ್ರು." ಸಬೀನೆ ಟೋಪಿಯನ್ನು ಸರಿಮಾಡಿಕೊಂಡಳು. "ಆದ್ರೆ ಮೊದಲೇ ಹೇಳ್ಬಿಡ್ತೀನಿ. ಹೆಸರು ಯೋನಾಸ್. ಇವನಪ್ಪ ಟೋರ್ಸ್ಟೆನ್‌ಗೂ ಅದೇ ಇಷ್ಟ, ನಂಗೂ ಅದೇ ಇಷ್ಟ. ನೀರಿನ ಹತ್ರ ಹೇಳೋರು ನೀವಲ್ವಾ, ಅದಕ್ಕೇ ಈಗ್ಲೇ ಹೇಳಿದ್ದು. ಬೇಜಾರಾಯ್ತಾ?"

ಬೇಜಾರು ಎನ್ನುವುದು ಬಹಳ ಚಿಕ್ಕ ಮಾತು. ನಲವತ್ತನಾಲ್ಕು ವರ್ಷಗಳ ಹಿಂದೆ ಬರಬೇಕಾಗಿದ್ದ ಅತಿಥಿ ಈಗ ಬಾಗಿಲಿಗೆ ಬಂದು, ಬಂದದ್ದು ನಿಮ್ಮಲ್ಲಿಗೇ, ಆದರೆ ಒಳಗೆ ಬರಲಾರೆ ಎಂದಂತಾಯಿತು ಅವನಿಗೆ. ಆದರೆ ಕೇಳಿದ ಮೇಲೆ ಒಲ್ಲೆನೆನ್ನುವಂತಿರಲಿಲ್ಲ. ಒಲ್ಲೆನೆನ್ನಲು ಮನಸ್ಸೂ ಇರಲಿಲ್ಲ.

"ಒಪ್ಪಿಕೊಂಡೆ ಕಣಮ್ಮ" ಎಂದ. "ಕೊಡಿಲ್ಲಿ, ಸ್ವಲ್ಪ ಎತ್ಕೋತೀನಿ. ಅಭ್ಯಾಸ ಮಾಡ್ಕೋಬೇಕಲ್ಲ."

ಸಬೀನೆ ಬೀದಿಯ ತಿರುವು ದಾಟುವವರೆಗೆ ಹಿಲ್ಟ್ರೂಡ್ ಬಾಯಿ ಬಿಡಲಿಲ್ಲ. ಆಮೇಲೆ ಬಿಟ್ಟಳು.

"ಯೋನಾಸ್ ಅಂತೆ. ಬೈಬಲ್ಲಲ್ಲಿ ಮೀನಿನ ಹೊಟ್ಟೇಲಿ ಕೂತಿದ್ನಲ್ಲ, ಅವನು. ನೀನೂ ಹಾಗೇ ಕೂತ್ಕೋ ಬಾಯ್ಮುಚ್ಕೊಂಡು."

"ಮತ್ತೇನು ಮಾಡ್ಬೇಕಿತ್ತು ಅಕ್ಕ?"

"ಈಗೇನೂ ಮಾಡ್ಬೇಡ. ನೀರಿನ ಹತ್ರ ಮಾಡು. ಗಾಲಿ ವೀಗಾಂಡ್ ಮಾಡಿದ್ನಲ್ಲ, ಅಪ್ಪನ ಎದುರು, ಆ ಕಾಲದಲ್ಲಿ. ಪಾದ್ರಿಯಮ್ಮ ಕೇಳ್ತಾಳೆ, ನೀನು 'ವೀಗಾಂಡ್' ಅನ್ನು. ಮುಗೀತು. ಕಚೇರೀಲಿ ಏನಾದ್ರೂ ಬರ್ಕೊಂಡಿರ್ಲಿ, ಊರು ಕರೆಯೋದು ಹಾಗೇ. ಗೇಲಾನ ಸಾಯೋವರೆಗೂ ಯಾರಾದ್ರೂ ಎಲ್ಫ್ರೀಡೆ ಅಂದ್ರಾ?"

"ಆ ಹುಡುಗಿ ಏನಂದ್ಕೋತಾಳೆ?"

"ಒಂದು ವಾರ ಅಳ್ತಾಳೆ. ಆಮೇಲೆ ತಾನೇ ಹಾಗೆ ಕರೀತಾಳೆ. ಅಪ್ಪ ಹಂದಿ ತೊಡೆ ಹೊತ್ಕೊಂಡು ಹೋಗ್ಲಿಲ್ವಾ? ನೋಡು ತಮ್ಮ, ನೀನು ಹೋದ್ರೆ ಆ ಹೆಸರು ನಿನ್ನ ಜೊತೆ ಮಣ್ಣಿಗೆ. ಎಷ್ಟೋ ನೂರು ವರ್ಷ ಕೈಯಿಂದ ಕೈಗೆ ಬಂದಿದ್ದು ನಿನ್ನ ಕೈಲಿ ಜಾರಿ ಬಿತ್ತು ಅಂತ ಆಗುತ್ತೆ. ಒಂದು ಮಾತು ಆಡೋಕೂ ನಿಂಗೆ ಧೈರ್ಯ ಇಲ್ವಾ? ಹೆಬ್ಬಾತು ಇದೆಯಾ ಅಲ್ಲಿ?"

ಅವನು ತಟ್ಟೆಗಳನ್ನು ಒಳಗೆ ಒಯ್ದ. ಆದರೆ ಅಕ್ಕನ ಮಾತು ನೆಟ್ಟಗೆ ಹೋಗಿ ನಾಟಿತ್ತು. ಮುಂದಿನ ದಿನಗಳಲ್ಲಿ ಪ್ಲಮ್ ಮರದ ಕೆಳಗೆ ನಿಂತಾಗ, ಊರಿನ ಒಲೆಮನೆಯಲ್ಲಿ ತನ್ನ ಸರದಿಗೆ ರೊಟ್ಟಿ ಒಳಗೆ ತಳ್ಳುವಾಗ, ಅವನು ತನ್ನಷ್ಟಕ್ಕೆ ಆ ಹೆಸರನ್ನು ಹೇಳಿ ನೋಡಿದ. ಎಷ್ಟು ಸುಲಭವಾಗಿತ್ತು! ಗೋರಿಗಲ್ಲಿನ ಸರದಾರನಿಂದ ಗಿರಣಿಯವನಿಗೆ, ಗಿರಣಿಯವನಿಂದ ಗಾಲಿಯವನಿಗೆ, ಗಾಲಿಯವನಿಂದ ತನಗೆ. ಇನ್ನೊಂದು ಹೆಜ್ಜೆ ಇಟ್ಟರೆ ಇನ್ನು ಎಂಬತ್ತು ವರ್ಷಕ್ಕೆ ಭದ್ರ. ತನ್ನ ನೆಲೆ ಈ ಊರಿನಲ್ಲಿ ಏನೆಂದು ಕೇಳಿದರೆ ತೋರಿಸಲು ಅವನಿಗೆ ಮಗನಿರಲಿಲ್ಲ, ಕಟ್ಟಿಸಿದ ಮನೆಯಿರಲಿಲ್ಲ. ಇದ್ದದ್ದು ಇದೊಂದೇ, ಅದೂ ಯಾರಿಗಾದರೂ ಕೊಟ್ಟರೆ ಮಾತ್ರ ಇದ್ದಂತೆ. ಶನಿವಾರದ ಸಂಜೆ ಕೋಟನ್ನು ಗಾಳಿಗೆ ಹಾಕಿದ ಹೊತ್ತಿಗೆ ಅವನು ನಿರ್ಧರಿಸಿಯಾಗಿತ್ತು. ಹೇಳುವುದು. ಹೇಳಿಬಿಡುವುದು.

ಭಾನುವಾರ ಚರ್ಚು ತುಂಬಿತ್ತು. ವೀಸ್‌ಬಾಡನ್ನಿನಿಂದ ಪಾದ್ರಿಯ ಹುದ್ದೆಗೆ ಬಂದು ಒಂದೂವರೆ ವರ್ಷವಾಗಿದ್ದ ಪಾದ್ರಿಯಮ್ಮ ಊರಿನ ರೂಢಿಗಳನ್ನು ಊರಿನವರಿಗಿಂತ ಹೆಚ್ಚು ನಿಷ್ಠೆಯಿಂದ ಪಾಲಿಸುತ್ತಿದ್ದಳು. ಹಾಡು ಮುಗಿಯಿತು. ಸಬೀನೆ ಮಗುವನ್ನು ವೀಗಾಂಡನ ತೋಳಿಗೆ ಇಟ್ಟು ಹಿಂದೆ ಸರಿದಳು. ಮಗು ಎಚ್ಚರವಾಗಿಯೇ ಇತ್ತು. ಕಿಟಕಿಯ ಬೆಳಕಿನತ್ತ ಕಣ್ಣು ಚಿಕ್ಕದು ಮಾಡಿ, ಅವನ ಕೋಟಿನ ಗುಂಡಿಯನ್ನು ಹಿಡಿಯಲು ನೋಡುತ್ತಿತ್ತು. ಮೂರನೆಯ ಬೆಂಚಿನಲ್ಲಿ ಹಿಲ್ಟ್ರೂಡ್ ಕೈಚೀಲವನ್ನು ಎರಡೂ ಕೈಗಳಿಂದ ಹಿಡಿದು, ಗದ್ದ ಎತ್ತಿ ಕುಳಿತಿದ್ದಳು.

"ಈ ಮಗುವಿನ ಹೆಸರೇನು?" ಎಂದಳು ಪಾದ್ರಿಯಮ್ಮ, ಅವನತ್ತ ನೋಡಿ.

ವೀಗಾಂಡ್ ಬಾಯಿ ತೆರೆದ. ಅದೇ ಕ್ಷಣದಲ್ಲಿ, ಕಲ್ಲುಬಟ್ಟಲಿನ ಆಚೆ ಬದಿಯಲ್ಲಿ ನಿಂತಿದ್ದ ಟೋರ್ಸ್ಟೆನ್ ಅವನ ಕಣ್ಣಿಗೆ ಬಿದ್ದ. ಹಿಂದಿನ ಕಾಲವಾಗಿದ್ದರೆ ತಂದೆ ಇಲ್ಲಿ ಇರುತ್ತಿರಲಿಲ್ಲ. ಮನೆಯಲ್ಲಿ ತಟ್ಟೆ ಜೋಡಿಸುತ್ತಿರುತ್ತಿದ್ದ. ಕಾಸೆಲ್ಲಿನಿಂದ ಬಂದ ಈ ಹುಡುಗನಿಗೆ ಆ ರೂಢಿ ತಿಳಿಯದು. ಇಸ್ತ್ರಿ ಸರಿಯಾಗಿಲ್ಲದ ಅಂಗಿಯಲ್ಲಿ, ಎಷ್ಟೋ ದಿನಗಳಿಂದ ನಿದ್ದೆಗೆಟ್ಟ ಮುಖದಲ್ಲಿ ನಿಂತಿದ್ದ ಅವನು ಮಗುವನ್ನೇ ನೋಡುತ್ತಿದ್ದ. ಅವನ ತುಟಿಗಳು ಅಲುಗುತ್ತಿದ್ದವು. ಸದ್ದಿಲ್ಲ. ಆದರೆ ತೊಟ್ಟಿಲ ಬಳಿ ನಿಂತು ಎಷ್ಟೋ ಸಲ ಕರೆದು ಕರೆದು ಬಾಯಿಗೆ ರೂಢಿಯಾದ ಹೆಸರನ್ನು ಆ ತುಟಿಗಳು ತಾವೇ ಆಡುತ್ತಿದ್ದವು. ಯೋನಾಸ್. ಮತ್ತೊಮ್ಮೆ, ಯೋನಾಸ್.

ಗಾಲಿ ವೀಗಾಂಡ್ ನೀರಿನ ಬಳಿ ನಿಂತಾಗ ಎದುರಿಗೆ ಇಂಥ ಮುಖವಿರಲಿಲ್ಲ. ಅಂದು ತೆಗೆದುಹಾಕಿದ್ದು ಗೋಡೆಯ ಮೇಲಿನ ಪಟದ ಹೆಸರನ್ನು. ಇಂದು ತಾನು ತೆಗೆದುಹಾಕಬೇಕಾಗಿದ್ದದ್ದು ಒಬ್ಬ ತಂದೆಯ ಬಾಯಿಂದ ಅವನ ಮಗನ ಹೆಸರನ್ನು. ಮುದುಕನಿಗೆ ಸರಿಯಾಗಿ ಗೊತ್ತಿರದ ಸಂಗತಿ ವೀಗಾಂಡನಿಗೆ ಈಗ ನಿಚ್ಚಳವಾಗಿ ಗೊತ್ತಿತ್ತು: ತಾನು ಹೇಳಹೊರಟದ್ದರಲ್ಲಿ ಈ ಮಗುವಿಗಾಗಿ ಎಂಬುದು ಒಂದಿಷ್ಟೂ ಇರಲಿಲ್ಲ.

ಪಾದ್ರಿಯಮ್ಮ ಕಾಯುತ್ತಿದ್ದಳು. ಯಾರೋ ಕೆಮ್ಮಿದರು.

"ಯೋನಾಸ್" ಎಂದ ವೀಗಾಂಡ್. ದನಿ ಎಷ್ಟು ಸಣ್ಣದಾಗಿತ್ತೆಂದರೆ ಪಾದ್ರಿಯಮ್ಮ ಬಾಗಿ ಕೇಳಿಸಿಕೊಳ್ಳಬೇಕಾಯಿತು. ಮೂರನೆಯ ಬೆಂಚಿನಲ್ಲಿ ಕೈಚೀಲದ ಕೊಂಡಿ ಟಕ್ಕೆಂದು ಮುಚ್ಚಿಕೊಂಡದ್ದು ಮಾತ್ರ ಎಲ್ಲರಿಗೂ ಕೇಳಿಸಿತು. ನೀರು ಬಿದ್ದಾಗ ಮಗು ಅಳಲಿಲ್ಲ. ಆಶ್ಚರ್ಯದಿಂದ ಅವನ ಮುಖ ನೋಡಿತು.

ಹೊರಗೆ ಬಂದಾಗ ಹಿಲ್ಟ್ರೂಡ್ ಅವನ ಪಕ್ಕದಲ್ಲಿ ಹೆಜ್ಜೆ ಹಾಕುತ್ತ, ಮುಂದೆಯೇ ನೋಡುತ್ತ ಹೇಳಿದಳು. "ಕಾದಾಡೋನಂತೆ. ಚೆನ್ನಾಗಿ ಕಾದಾಡ್ದೆ."

"ಹೌದಕ್ಕ" ಎಂದ ಅವನು. "ಸೋತೆ."

ಅವಳು ತಮ್ಮನ ಮುಖ ನೋಡಿದಳು. ನಾಲ್ಕು ಹೆಜ್ಜೆಯಾದ ಮೇಲೆ ಕೈ ಚಾಚಿ, ಅವನ ತೋಳಿನಿಂದ ಜಾರುತ್ತಿದ್ದ ಶಾಲಿನ ಅಂಚನ್ನು ಮಗುವಿನ ಕಾಲಿಗೆ ಸರಿಯಾಗಿ ಹೊದಿಸಿದಳು.

ಮಗುವನ್ನು ಮನೆ ಮುಟ್ಟಿಸುವ ಹೊಣೆಯೂ ಪೆಟ್ಟರನದೇ. ಒಲೆಮನೆಯ ಹತ್ತಿರ ಊರಿನ ಮಕ್ಕಳು ಬೀದಿಗೆ ಅಡ್ಡವಾಗಿ ಹಗ್ಗ ಹಿಡಿದು ನಿಂತಿದ್ದರು. ಹೊಸಬ ಯಾರೆಂದು ಪೆಟ್ಟರ್ ಕೂಗಿ ಹೇಳಿ, ಮಿಠಾಯಿ ಎರಚದ ಹೊರತು ದಾರಿಯಿಲ್ಲ. ವೀಗಾಂಡ್ ಈ ಹಗ್ಗಗಳನ್ನು ಜೀವಮಾನವೆಲ್ಲ ಸೈಕಲ್ಲಿನಿಂದ ಇಳಿದು, ಬಗ್ಗಿ ದಾಟಿದವನು. ಹಗ್ಗ ತನಗಾಗಿ ಬಿಗಿದದ್ದು ಇದೇ ಮೊದಲು.

"ಯಾರು ಬಂದ್ರು?" ಎಂದು ಕೂಗಿದಳು ಹಗ್ಗದ ತುದಿಯಲ್ಲಿದ್ದ ಹಲ್ಲುಬಿದ್ದ ಹುಡುಗಿ.

"ಯೋನಾಸ್."

"ಕೇಳಿಸ್ಲಿಲ್ಲ ತಾತ."

ಕೇಳಿಸಿತ್ತು. ಹೆಚ್ಚು ಮಿಠಾಯಿಗಾಗಿ ಎಲ್ಲ ಕಾಲದ ಮಕ್ಕಳೂ ಆಡುವ ಆಟ ಅದು, ಇವನೂ ಆಡಿದ್ದ. ಕೋಟಿನ ಜೇಬಿಗೆ ಕೈ ಹಾಕಿ ಎರಚಿದ. ಮಕ್ಕಳು ಮುಗಿಬಿದ್ದರು, ಹಗ್ಗ ಸಡಿಲವಾಯಿತು. ಆದರೆ ಸೇತುವೆಯ ಬಳಿ ಇನ್ನೊಂದು ಹಗ್ಗ, ಅದರ ಹಿಂದೆ ಇನ್ನಷ್ಟು ಕಿವುಡರು. ಅವನು ನಿಂತು, ಉಸಿರೆಳೆದು, ಟಪಾಲಿನ ದಿನಗಳಲ್ಲಿ ಹೊಳೆಯ ಈ ದಡದಿಂದ ಆ ದಡದ ಮನೆಯವರನ್ನು ಕರೆಯುತ್ತಿದ್ದ ದನಿಯಲ್ಲಿ ಕೂಗಿದ.

"ಯೋನಾಸ್! ಹೆನ್ನರನ ಮೊಮ್ಮಗಳ ಮಗ! ಯೋನಾಸ್!"

ಗಿರಣಿಯ ಛಾವಣಿಯ ಪಾರಿವಾಳಗಳು ಒಟ್ಟಿಗೆ ಎದ್ದವು. ಹಿಂದೆ ಬರುತ್ತಿದ್ದ ಸಬೀನೆ ಟೋರ್ಸ್ಟೆನ್‌ನ ತೋಳು ಹಿಡಿದಳು. ನೀರು ಬಿದ್ದಾಗಲೂ ಅಳದಿದ್ದ ಮಗು ಈಗ ಬೆಚ್ಚಿ, ಮುಖ ಕೆಂಪು ಮಾಡಿಕೊಂಡು, ಊರಿಗೆಲ್ಲ ಕೇಳುವಂತೆ ಅಳತೊಡಗಿತು. "ಇಲ್ಲ ಯೋನಾಸ್, ಇಲ್ಲ ಮರಿ, ಇನ್ನು ಕೂಗಲ್ಲ" ಎನ್ನುತ್ತ ವೀಗಾಂಡ್ ಉಳಿದ ಮಿಠಾಯಿಯನ್ನೆಲ್ಲ ಒಂದೇ ಸಲ ಚೆಲ್ಲಿ, ಹಗ್ಗ ದಾಟಿ, ಊಟದ ಮೇಜು ಕಾದಿದ್ದ ಮನೆಯ ಕಡೆಗೆ ಬಿರಬಿರನೆ ನಡೆದ.